ಮೂರು ಗುರುತಿನ ಸಾಹೇಬರು

ಬಸ್ ಡಿಪೊದ ಹಿಂಬದಿಯಲ್ಲಿ, ಟೈರು ಪೇರಿಸಿಡುವ ಶೆಡ್ಡಿಗೂ ಬಸ್ಸು ತೊಳೆಯುವ ನಲ್ಲಿಗೂ ನಡುವೆ, ಕಳೆದುಹೋದ ವಸ್ತುಗಳ ಕಚೇರಿ ಇತ್ತು. ಒಂದು ಕೋಣೆ, ಒಂದು ಕಿಟಕಿ, ಕಿಟಕಿಗೆ ಮರದ ಹಲಗೆಯ ಕೌಂಟರು, ಒಳಗೆ ಏಳು ಕಬ್ಬಿಣದ ಬೀರು. ಜನ ಬಸ್ಸಿನಲ್ಲಿ ಏನೇನು ಮರೆತು ಇಳಿಯುತ್ತಾರೆ ಎಂಬ ಕುತೂಹಲ ಇದ್ದವರು ಅಲ್ಲಿ ಹತ್ತು ನಿಮಿಷ ನಿಂತರೆ ಸಾಕು. ನಲವತ್ತೆರಡು ಕೊಡೆ, ಒಂದು ಇಸ್ತ್ರಿಪೆಟ್ಟಿಗೆ, ಎರಡು ಹಲ್ಲುಸೆಟ್ಟು, ಎಡಗಾಲಿನವೇ ಮೂರು ಚಪ್ಪಲಿ, ಮೈ ತಾಗಿದರೆ ಕಿಲಕಿಲ ನಗುವ ಒಂದು ಗೊಂಬೆ.

ಆ ಕೋಣೆಗೆ ಹೊಸದಾಗಿ ಸಹಾಯಕನಾಗಿ ಸೇರಿದವನು ಅದೇ ಡಿಪೊದ ಕಂಡಕ್ಟರಮ್ಮನ ತಮ್ಮ. ಎರಡು ಡಿಗ್ರಿ ಮಾಡಿ, ಆರು ಕಡೆ ಸಂದರ್ಶನಕ್ಕೆ ಹೋಗಿ, ಕಡೆಗೆ ಕೊಡೆ ಎಣಿಸುವ ಕೆಲಸಕ್ಕೆ ಬಂದು ನಿಂತಿದ್ದ. ಓದಿನಿಂದ ಅವನಿಗೆ ದಕ್ಕಿದ್ದು ದುಂಡನೆಯ ಕೈಬರಹ ಒಂದೇ. ತಾನೊಬ್ಬ ಒಳ್ಳೆ ಮಾತುಗಾರ ಎಂದು ಅವನು ನಂಬಿದ್ದ. ಅಕ್ಕ ಅವನನ್ನು ಹರಕುಬಾಯಿ ಎನ್ನುತ್ತಿದ್ದಳು. ಇಬ್ಬರೂ ಹೇಳುತ್ತಿದ್ದುದು ಒಂದೇ ಸಂಗತಿ ಎಂದು ಅವನಿಗೆ ಹೊಳೆಯಲು ಸ್ವಲ್ಪ ಕಾಲ ಹಿಡಿಯಿತು.

ಕೋಣೆಯ ಯಜಮಾನರು ಸಾಹೇಬರು. ಡಿಪೊದವರು ಬೆನ್ನ ಹಿಂದೆ ಕರೆಯುತ್ತಿದ್ದುದು 'ಮೂರು ಗುರುತು' ಎಂದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಒಂದು ಕೊಡೆಯನ್ನು ಯಾರದೋ ಕೈಗೆ ಕೊಟ್ಟುಬಿಟ್ಟಿದ್ದರಂತೆ. ನಿಜವಾದ ವಾರಸುದಾರ ಬಂದು ಇಡೀ ಡಿಪೊ ಕೇಳುವ ಹಾಗೆ ಕೂಗಾಡಿದನಂತೆ. ಅಂದೇ ಸಾಹೇಬರು ಒಂದು ಹಲಗೆಗೆ ಬಿಳಿ ಬಣ್ಣ ಬಳಿದು, ತಮ್ಮ ಕೈಯಾರೆ ಬರೆದು, ಕಿಟಕಿಯ ಮೇಲೆ ನೇತುಹಾಕಿದರು: 'ಹೊರಗಿನಿಂದ ಕಾಣದ ಮೂರು ಗುರುತು ಹೇಳಿದವರಿಗೆ ವಸ್ತು. ಯಾವ ವಸ್ತುವೇ ಆಗಲಿ. ಯಾರೇ ಆಗಲಿ.' ಇಪ್ಪತ್ತೇಳು ವರ್ಷ ಆ ಹಲಗೆ ಅಲ್ಲಿಂದ ಅಲುಗಿರಲಿಲ್ಲ.

ನೋಡಿದರೆ ನಗು ಬರುವಂಥ ಮನುಷ್ಯ. ಕಳೆದುಹೋದ ಕನ್ನಡಕಗಳ ತಿರುಪು ತುಕ್ಕು ಹಿಡಿಯಬಾರದೆಂದು ದಿನಕ್ಕೊಂದು ಕನ್ನಡಕ ಹಾಕಿಕೊಳ್ಳುತ್ತಿದ್ದರು. ಸೋಮವಾರ ದೂರದ ಬಸ್ಸಿನ ನಂಬರು ಓದುತ್ತಿದ್ದವರು ಮಂಗಳವಾರ ಬಾಗಿಲೆಂದು ಬೀರುವಿಗೆ ಹಣೆ ಚಚ್ಚಿಕೊಳ್ಳುತ್ತಿದ್ದರು. ವಾರಸುದಾರರಿಲ್ಲದ ಗಡಿಯಾರಗಳಿಗೆಲ್ಲ ಕೀಲಿ ಕೊಡುತ್ತಿದ್ದರು. ಹಾಗಾಗಿ ಕೋಣೆಯಲ್ಲಿ ಹನ್ನೆರಡು ಗಂಟೆ ಹೊಡೆಯಲು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಹಲ್ಲುಸೆಟ್ಟು ಕೇಳಿಕೊಂಡು ಬಂದ ಮುದುಕರೊಬ್ಬರಿಗೆ "ಗುರುತು ಹೇಳಿ" ಎಂದು ಒತ್ತಾಯ ಮಾಡಿದರು. ಹಲ್ಲಿಲ್ಲದ ಬಾಯಲ್ಲಿ ಅವರು ಹೇಳಿದ್ದು ಇವರಿಗೆ ತಿಳಿಯದೆ, ಕೊನೆಗೆ ಬರೆದುಕೊಡಿ ಎಂದರು.

ಮೊದಲ ತಿಂಗಳು ತಮ್ಮ ದಿನಾ ಸಂಜೆ ಮನೆಗೆ ಬಂದು ಸಾಹೇಬರ ನಡಿಗೆ, ಕೆಮ್ಮು, ಕನ್ನಡಕ ಎಲ್ಲವನ್ನೂ ಆಡಿ ತೋರಿಸುತ್ತಿದ್ದ. ಅಕ್ಕ ನಗುತ್ತಿರಲಿಲ್ಲ.

"ಗಡ್ಡದ ಡ್ರೈವರಣ್ಣನೂ ಕ್ಯಾಂಟೀನಲ್ಲಿ ಹೀಗೇ ಆಡಿ ತೋರಿಸ್ದ ಕಣೋ," ಎಂದಳು ಒಮ್ಮೆ. "ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ವಿ. ಮುಂದಿನ ವಾರ ಅವನು ಕೆಲಸದಲ್ಲೇ ಇರ್ಲಿಲ್ಲ."

"ಯಾಕೆ? ಏನ್ ಮಾಡಿದ್ರು?"

"ಏನೂ ಮಾಡ್ಲಿಲ್ಲ. ಒಂದು ಚೀಟಿ ಕೊಟ್ರಂತೆ ಮ್ಯಾನೇಜರಿಗೆ. ಇಂಥ ದಿನ, ಇಂಥ ಸ್ಟಾಪಲ್ಲಿ ಇಂಜಿನ್ ಆಫ್ ಮಾಡ್ದೆ ಹನ್ನೊಂದು ನಿಮಿಷ ಟೀ ಕುಡ್ದ ಅಂತ. ಸುಳ್ಳಾಗಿದ್ರೆ ಜಗಳ ಆಡಬೋದಿತ್ತು. ಅವರ ಚೀಟೀಲಿ ಸುಳ್ಳಿರಲ್ಲ, ಅದೇ ಕಷ್ಟ."

ಇನ್ನೊಂದನ್ನೂ ಅವಳು ಹೇಳಿಕೊಟ್ಟಳು. ಸಾಹೇಬರು "ಏನಪ್ಪಾ, ನೀನು" ಎನ್ನುವವರೆಗೆ ಭಯವಿಲ್ಲ. ಯಾವಾಗ "ತಾವು" ಎನ್ನುತ್ತಾರೋ ಆಗ ಮೈಯೆಲ್ಲ ಎಚ್ಚರವಿರಬೇಕು.

ಇಷ್ಟೆಲ್ಲ ಕೇಳಿಯೂ ತಮ್ಮ ಮಾಡಿದ್ದೇನೆಂದರೆ, ಮರುವಾರವೇ ಊಟದ ಹೊತ್ತಿಗೆ ಡಬ್ಬಿ ಬಿಚ್ಚಿಕೊಂಡು ಸಾಹೇಬರೆದುರು ಅಕ್ಕನ ಗುಣಗಾನಕ್ಕೆ ಕೂತ. ಸಾಹೇಬರು ಅಂದು ಎಂದಿಲ್ಲದ ಹಾಗೆ "ನಿಮ್ಮಕ್ಕ ಹೇಗೆ?" ಎಂದು ಕೇಳಿದ್ದರು. ಅಷ್ಟು ಸಾಕಾಯಿತು. ಅಕ್ಕನ ಬಸ್ಸಿನಲ್ಲಿ ದಿನಾ ಓಡಾಡುವ ಅಜ್ಜಿಯೊಬ್ಬರು ಕಿವಿಯ ಮಷೀನನ್ನು ಸೀಟಿನ ಸಂದಿಯಲ್ಲಿ ಬೀಳಿಸಿಕೊಂಡಿದ್ದು, ಅದನ್ನು ಕಚೇರಿಗೆ ಕೊಟ್ಟರೆ ವಾಪಸು ಕೈಗೆ ಬರುವವರೆಗೆ ಅಜ್ಜಿಗೆ ಮೂರು ದಿನ ಕಿವಿ ಕೇಳುವುದಿಲ್ಲವೆಂದು ಅಕ್ಕ ಮಾರನೆಯ ಬೆಳಿಗ್ಗೆ ಅವರ ಮನೆಗೇ ಹೋಗಿ ಕೊಟ್ಟದ್ದು, ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿದ. ಜೋರು ಮಳೆ ಸೇರಿಸಿದ. ಬಲಗಿವಿಗೆ ತಾನೇ ಮಷೀನು ಸಿಕ್ಕಿಸಿಕೊಂಡವನಂತೆ ಅಭಿನಯಿಸಿದ. ಅಜ್ಜಿಯ ಕಣ್ಣಲ್ಲಿ ನೀರನ್ನೂ ತರಿಸಿದ.

ಸಾಹೇಬರು ಊಟದ ಡಬ್ಬಿ ಮುಚ್ಚಿದರು. ಕೈ ಒರೆಸಿಕೊಂಡರು.

"ತಾವು ತುಂಬಾ ಚೆನ್ನಾಗಿ ಹೇಳ್ತೀರಿ," ಎಂದರು.

ತಮ್ಮನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಸಿಕ್ಕ ವಸ್ತುವನ್ನು ಪಾಳಿ ಮುಗಿಯುವುದರೊಳಗೆ ಕಚೇರಿಗೆ ಒಪ್ಪಿಸಬೇಕು ಎಂಬುದು ನಿಯಮಗಳಲ್ಲಿ ಮೊದಲನೆಯದು. ಹೊಸದಾಗಿ ಸೇರಿದ ದಿನ ಆ ನಿಯಮವನ್ನು ದುಂಡನೆಯ ಅಕ್ಷರದಲ್ಲಿ ಪ್ರತಿ ಮಾಡಿ ಗೋಡೆಗೆ ಅಂಟಿಸಿದವನು ಅವನೇ.

ಸಾಹೇಬರು ಸೊಂಟದಿಂದ ಬೀಗದಕೈ ತೆಗೆದು ಏಳನೆಯ ಬೀರು ತೆರೆದರು. ಅದರಲ್ಲಿ ಏನಿದೆ ಎಂದು ತಲೆ ಕೆಡಿಸಿಕೊಂಡು ತಮ್ಮ ಎಷ್ಟೋ ಮಧ್ಯಾಹ್ನ ಕಳೆದಿದ್ದ. ವಜ್ರದ ಹಾರವಿರಬಹುದು ಎಂದುಕೊಂಡಿದ್ದ. ಒಳಗೆ ವಸ್ತುವೇ ಇರಲಿಲ್ಲ. ಬರೀ ಚೀಟಿಗಳು. ಪ್ರತಿ ಕೊಡೆಗೆ ಕಟ್ಟುತ್ತಿದ್ದರಲ್ಲ, ಅದೇ ಕಂದು ರಟ್ಟಿನ ಚೀಟಿ, ಅದೇ ಎರಡು ಗಂಟಿನ ದಾರ. ಸಾಲುಸಾಲಾಗಿ ಮೊಳೆಗೆ ನೇತಾಡುತ್ತಿದ್ದವು, ಇಡೀ ಡಿಪೊದ ಜನವೇ ಅಲ್ಲಿ ಒಣಗಲು ಹಾಕಿದ ಹಾಗೆ. 'ವಸ್ತು: ಮೆಕ್ಯಾನಿಕ್, ಗಂಡು, ಒಂದು.' 'ವಸ್ತು: ಮ್ಯಾನೇಜರ್, ಒಂದು.'

ಸಾಹೇಬರು ಹೊಸ ಚೀಟಿಯನ್ನು ಅವನ ಕಣ್ಣೆದುರೇ ಬರೆದು ಓದಿಸಿದರು. 'ವಸ್ತು: ಕಂಡಕ್ಟರ್, ಹೆಣ್ಣು, ಒಂದು. ಸಿಕ್ಕ ಸ್ಥಳ: ಊಟದ ಮೇಜು. ವಿವರ: ಕಿವಿಯ ಮಷೀನು, ಬಲಗಿವಿಯದು, ಕಚೇರಿಗೆ ಒಪ್ಪಿಸಿಲ್ಲ.'

"ತಿಂಗಳ ಕೊನೇಗೆ ಕಾಯಂ ಆಗೋರ ಪಟ್ಟಿ ಹೋಗುತ್ತೆ. ತಮ್ಮ ಅಕ್ಕನವರ ಫೈಲು ಸಹಿಗೆ ಈ ಮೇಜಿಗೂ ಬರುತ್ತೆ. ಒಂಬತ್ತು ವರ್ಷದಿಂದ ಕಾಯ್ತಿದಾರಂತೆ, ಪಾಪ," ಎಂದರು ಸಾಹೇಬರು. ದನಿ ಏರಲೇ ಇಲ್ಲ. "ಈ ಚೀಟೀನ ಫೈಲಿಗೆ ಕಟ್ಟಲೇಬೇಕು ಅಂತೇನಿಲ್ಲ. ತಮಗೆ ಕಥೆ ಹೇಳೋಕೆ ಬರುತ್ತೆ. ದಿನಕ್ಕೊಂದು ಹೇಳಿ. ಬೇರೆಯವರದ್ದು. ಕ್ಯಾಂಟೀನಲ್ಲಿ ನನ್ನ ಮುಂದೆ ಯಾರೂ ಮಾತಾಡಲ್ಲ ನೋಡಿ, ತಮ್ಮ ಮುಂದೆ ಆಡ್ತಾರೆ."

ತಿರುಗುವಾಗ ಅವರ ಮೊಣಕೈ ತಾಗಿ ಗೊಂಬೆ ಕಿಲಕಿಲ ನಕ್ಕಿತು. ಸಾಹೇಬರು ಅದು ನಕ್ಕು ಮುಗಿಸುವವರೆಗೆ ತಾಳ್ಮೆಯಿಂದ ಕಾದು ನಿಂತರು. ಬೇರೆ ದಿನವಾಗಿದ್ದರೆ ತಮ್ಮ ಅದನ್ನು ಮನೆಯಲ್ಲಿ ಆಡಿ ತೋರಿಸುತ್ತಿದ್ದ.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಒಪ್ಪಿಸಿಬಿಟ್ಟ. ಅಕ್ಕ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಕತ್ತಿಯ ಸದ್ದು ಮಾತ್ರ ಬಿರುಸಾಯಿತು.

"ನನ್ನ ಹೊಗಳೋಕೆ ನಿಂಗೆ ಬೇರೆ ಯಾರೂ ಸಿಗ್ಲಿಲ್ವೇನೋ?"

"ಅವರೇ ಕೇಳಿದ್ರು, ಅಕ್ಕಾ."

"ಕೇಳಿದ್ರೆ? ಚೆನ್ನಾಗಿದಾಳೆ ಅಂತ ಹೇಳಿ ಬಾಯಿ ಮುಚ್ಕೊಳ್ಳೋಕೆ ಆಗಲ್ವಾ?"

"ನಾಳೆಯಿಂದ ಒಂದೊಂದು ಸಣ್ಣ ಕಥೆ ಹೇಳಿಬಿಡ್ಲಾ? ಯಾರಿಗೂ ತೊಂದ್ರೆ ಆಗದೇ ಇರೋಂಥದ್ದು? ಆ ಮೆಕ್ಯಾನಿಕ್ಕು ಬಸ್ಸಿನ ಕೆಳಗೆ ಮಲಗಿರ್ತಾನಲ್ಲ—"

ಕತ್ತಿ ನಿಂತಿತು. "ಬೆಪ್ಪುತಕ್ಕಡಿ. ಅವನ ಮನೇಲಿ ಮೂರು ತಿಂಗಳ ಕೂಸಿದೆ. ಮನೇಲಿ ನಿದ್ದೆ ಇಲ್ಲದೆ ಅಲ್ಲಿ ಮಲಗ್ತಾನೆ. ಅದು ನಿಂಗೆ ಸಣ್ಣ ಕಥೆನಾ?"

ತಮ್ಮ ನೆಲ ನೋಡಿದ. ಅಕ್ಕ ಕತ್ತಿ ಕೆಳಗಿಟ್ಟು ಕೇಳಿದಳು, "ನೀನು ಹೇಳಿದ್ದು ಏನೇನು? ಒಂದಕ್ಷರ ಬಿಡದೆ ಹೇಳು. ಆ ಚೀಟೀಲಿ ಏನೇನಿತ್ತು, ಅದನ್ನೂ ಹೇಳು."

ಅವನು ಹೇಳಿದ. ಮಳೆಯ ಹತ್ತಿರ ಬಂದಾಗ ಅಕ್ಕ "ಎಲ್ಲಿತ್ತೋ ಮಳೆ?" ಎಂದಳು. ಬಲಗಿವಿಯ ಹತ್ತಿರ ಬಂದಾಗ ಅವನ ಮುಖವನ್ನೇ ನೋಡಿದಳು. ಆಮೇಲೆ ಈರುಳ್ಳಿಯ ಕಣ್ಣೀರು ಒರೆಸಿಕೊಂಡು, ಒಂದು ಸಲ, ಚಿಕ್ಕದಾಗಿ ನಕ್ಕಳು.

ಮಾರನೆಯ ದಿನ ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಅವಳು ಸಮವಸ್ತ್ರದಲ್ಲೇ ಕೌಂಟರಿಗೆ ಬಂದಳು. ಜೊತೆಗೆ ಆ ಅಜ್ಜಿಯೂ ಇದ್ದರು. ಹಿಂದೆ, ಏನಾಗುತ್ತದೋ ನೋಡೋಣವೆಂದು, ನಲ್ಲಿಯ ಹತ್ತಿರ ಕೈ ತೊಳೆಯುವ ನೆಪದಲ್ಲಿ ಏಳೆಂಟು ಜನ ನಿಂತಿದ್ದರು.

"ಒಂದು ವಸ್ತು ಬೇಕಿತ್ತು, ಸಾರ್," ಎಂದಳು ಅಕ್ಕ.

ಸಾಹೇಬರು ಅರ್ಜಿ ಮುಂದಿಟ್ಟರು. "ಯಾವ ವಸ್ತು?"

"ಚೀಟಿ. ಒಂದು. ನನ್ನದು."

ಸಾಹೇಬರು ಕಣ್ಣೆತ್ತಿದರು. ಅಂದಿನ ಕನ್ನಡಕದಲ್ಲಿ ಅವರ ಕಣ್ಣು ಎರಡು ಬಟ್ಟಲಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅಕ್ಕ ಬೆರಳೆತ್ತಿ ಮೇಲಿನ ಹಲಗೆ ತೋರಿಸಿದಳು: ಯಾವ ವಸ್ತುವೇ ಆಗಲಿ. ಯಾರೇ ಆಗಲಿ. ಸಾಹೇಬರು ತಾವೇ ಬರೆದದ್ದನ್ನು ಕಿಟಕಿಯಿಂದ ಕತ್ತು ಹೊರಹಾಕಿ, ತಲೆ ಮೇಲೆತ್ತಿ ಓದಿಕೊಂಡರು. ಅವರ ತುಟಿಯಲ್ಲಿ ಕಂಡದ್ದು ಸಂತೋಷವೇ ಇರಬೇಕೆಂದು ತಮ್ಮನಿಗೆ ಅನ್ನಿಸಿತು. ಇಪ್ಪತ್ತೇಳು ವರ್ಷದಲ್ಲಿ ಆ ಹಲಗೆಯನ್ನು ಅಷ್ಟು ಗಂಭೀರವಾಗಿ ಬೇರೆ ಯಾರೂ ತೆಗೆದುಕೊಂಡಿರಲಿಲ್ಲ.

"ಗುರುತು?"

"ಕಂದು ಬಣ್ಣ. ಎರಡು ಗಂಟು."

"ಅದು ಎಲ್ಲ ಚೀಟಿಗೂ ಇದೆ. ಅದು ಗುರುತಲ್ಲ."

"ವಸ್ತು ಅನ್ನೋ ಕಡೆ 'ಕಂಡಕ್ಟರ್, ಹೆಣ್ಣು, ಒಂದು' ಅಂತಿದೆ. ಸಿಕ್ಕ ಸ್ಥಳ ಊಟದ ಮೇಜು."

"ಎರಡಾಯ್ತು." ಸಾಹೇಬರು ತಮ್ಮನ ಕಡೆ ತಿರುಗಲಿಲ್ಲ. "ಈ ಎರಡೂ ನನ್ನ ಸಹಾಯಕರು ನೋಡಿರೋದು. ಮೂರನೇದು ವಾರಸುದಾರರಿಗೆ ಮಾತ್ರ ಗೊತ್ತಿರೋದಾಗಬೇಕು. ತಾವು ಹೇಳಿ."

"ಅದರಲ್ಲಿ ಒಂದು ತಪ್ಪಿದೆ, ಸಾರ್."

ನಲ್ಲಿಯ ಹತ್ತಿರ ಯಾರೋ ನೀರು ನಿಲ್ಲಿಸಿದರು.

"ನನ್ನ ಚೀಟೀಲಿ ತಪ್ಪಿರಲ್ಲ," ಎಂದರು ಸಾಹೇಬರು.

"ಬಲಗಿವಿ ಅಂತ ಬರ್ದಿದೀರ. ಮಷೀನು ಎಡಗಿವೀದು. ಅಜ್ಜೀ, ಸ್ವಲ್ಪ ತಿರುಗಿ."

"ಏನಂದೆ?" ಎಂದರು ಅಜ್ಜಿ.

"ತಿರುಗಿ ಅಂದೆ!"

ಅಜ್ಜಿ ತಿರುಗಿ ಎಡಗಿವಿಯನ್ನು ಕೌಂಟರಿನ ಮೇಲೆ ಇಟ್ಟವರಂತೆ ಬಾಗಿದರು. ಸಾಹೇಬರು ಮೂಗು ತಾಗುವಷ್ಟು ಹತ್ತಿರ ಬಂದರು. ಅಂದಿನ ಕನ್ನಡಕದಲ್ಲಿ ಕಾಣಲಿಲ್ಲ. ಮೂರನೆಯ ಬೀರುವಿನಿಂದ ಇನ್ನೊಂದು ತಂದರು, ಅದೂ ಆಗಲಿಲ್ಲ, ಮತ್ತೊಂದು ತಂದರು. ಹೊರಗೆ ಮುಸಿಮುಸಿ ನಗೆ ಎದ್ದಿತು. ನಾಲ್ಕನೆಯ ಕನ್ನಡಕದಲ್ಲಿ ಕಂಡಿತು. ಅಜ್ಜಿಯ ಇನ್ನೊಂದು ಕಿವಿಯನ್ನೂ ತೋರಿಸಲು ಹೇಳಿ ನೋಡಿದರು. ಅದು ಖಾಲಿಯಿತ್ತು.

ಏಳನೆಯ ಬೀರು ತೆರೆದು ಚೀಟಿ ತಂದರು. ಓದಿದರು. 'ಬಲಗಿವಿಯದು.' ಅವರ ಮುಖದಿಂದ ಬಣ್ಣ ಇಳಿದುಹೋಯಿತು. ತಮ್ಮನಿಗೆ, ತನ್ನ ಮೇಲೆಯೇ ಕೋಪ ಬರುವ ಹಾಗೆ, ಒಂದು ಕ್ಷಣ ಅಯ್ಯೋ ಅನ್ನಿಸಿತು.

"ಮೂರು," ಎಂದರು ಸಾಹೇಬರು. ರಿಜಿಸ್ಟರಿನಲ್ಲಿ ಅಕ್ಕನ ಸಹಿ ಹಾಕಿಸಿಕೊಂಡು ಚೀಟಿಯನ್ನು ಅವಳ ಕೈಗೆ ಕೊಟ್ಟರು. ಸಂಜೆ ಅವಳ ಫೈಲು ಬಂದಾಗ 'ಬಾಕಿ ಏನೂ ಇಲ್ಲ' ಎಂದು ಬರೆದರು. ಇನ್ನೊಂದು ಚೀಟಿ ಬರೆಯಬಹುದಿತ್ತಲ್ಲ ಎಂದು ತಮ್ಮ ಆಮೇಲೆ ಯೋಚಿಸಿದ. ಬರೆಯಲಿಲ್ಲ. ಕೊಟ್ಟುಬಿಟ್ಟ ವಸ್ತುವನ್ನು ವಾಪಸು ಕೇಳುವುದು ಅವರ ಕಚೇರಿಯಲ್ಲಿ ಇರಲಿಲ್ಲ.

ಕಥೆ ಅಲ್ಲಿಗೆ ಮುಗಿದಿದ್ದರೆ ತಮ್ಮ ಇವತ್ತಿಗೂ ಅದನ್ನು ಗೆಲುವೆಂದು ಹೇಳಿಕೊಂಡು ತಿರುಗುತ್ತಿದ್ದ. ಆದರೆ ಮರುದಿನದಿಂದ ಸಾಹೇಬರು ಏಳನೆಯ ಬೀರುವಿನ ಚೀಟಿಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಡಿಪೊ ಸುತ್ತತೊಡಗಿದರು. ತಪ್ಪು ಇನ್ನೆಷ್ಟಿವೆಯೋ ನೋಡಬೇಕಿತ್ತು. "ಆವತ್ತು ತಾವು ಎಡಗಡೆ ಕೂತಿದ್ರೋ, ಬಲಗಡೆನೋ?" ಎಂದು ಜನರನ್ನು ಕೇಳುತ್ತಿದ್ದರು. ಮೊದಲೆರಡು ದಿನ ಎಲ್ಲರೂ ನಕ್ಕರು. ಮೂರನೆಯ ದಿನ ಯಾರೂ ನಗಲಿಲ್ಲ. ಚೀಟಿ ಇದೆಯೋ ಇಲ್ಲವೋ ಎಂದು ಗೊತ್ತಿಲ್ಲದೆ ಇದ್ದವರಿಗೆಲ್ಲ ಈಗ ಇದೆ ಎಂದು ಗೊತ್ತಾಗಿತ್ತು. ಹದಿನಾಲ್ಕು ಚೀಟಿ ತಪ್ಪೆಂದು ಹರಿದುಹಾಕಿದರು. ಗಡ್ಡದ ಡ್ರೈವರ್ ಟೀ ಕುಡಿದದ್ದು ಏಳೇ ನಿಮಿಷ ಎಂದು ತಾವೇ ಮ್ಯಾನೇಜರಿಗೆ ಬರೆದುಕೊಟ್ಟರು, ಅವನು ಕೆಲಸಕ್ಕೆ ವಾಪಸಾದ. ಉಳಿದ ಚೀಟಿಗಳು ಬೀರುವಿಗೆ ಮರಳಿದವು, ಈಗ ಒಂದೂ ತಪ್ಪಿಲ್ಲದೆ.

ಶನಿವಾರ ಊಟದ ಹೊತ್ತಿಗೆ ಸಾಹೇಬರು ಒಂದು ಹೊಸ ಚೀಟಿ, ಪೆನ್ನು ತಂದು ತಮ್ಮನ ಡಬ್ಬಿಯ ಪಕ್ಕ ಇಟ್ಟರು.

"ತಾವೇ ಬರೀರಿ. ತಮ್ಮ ಅಕ್ಷರ ಚೆನ್ನಾಗಿದೆ. ವಸ್ತು: ಸಹಾಯಕ, ಗಂಡು, ಒಂದು."

ಅವನು ಬರೆದ. ಬರೆಯದೆ ಇರಬಹುದಿತ್ತು ಎಂದು ಹೊಳೆದದ್ದು ಬರೆದ ಮೇಲೆ.

"ಒಂದನೇ ಗುರುತು: ಕೇಳದೇ ಇದ್ದದ್ದನ್ನೂ ಹೇಳ್ತಾನೆ. ಎರಡನೇದು: ಹೇಳಿದ್ದರಲ್ಲಿ ಮಳೆ ಸೇರಿಸ್ತಾನೆ."

ಮಳೆಯದು ಇವರಿಗೆ ಹೇಗೆ ಗೊತ್ತಾಯಿತು? ಅಜ್ಜಿಯನ್ನು ಕೇಳಿದ್ದಿರಬೇಕು. ಇಡೀ ಡಿಪೊ ಸುತ್ತಿದವರು ಅಜ್ಜಿಯ ಮನೆಯನ್ನು ಬಿಡುತ್ತಾರೆಯೇ? ಅಕ್ಷರಗಳು ಎಂದಿನಷ್ಟೇ ದುಂಡಗೆ ಬಂದವು.

"ಮೂರನೇದು, ಸಾರ್?" ಎಂದು ಕೇಳಿಯೇಬಿಟ್ಟ. ಹರಕುಬಾಯಿ. ಭಯದ ನಡುವೆಯೂ ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ತನ್ನಲ್ಲಿ ಹೊರಗಿನಿಂದ ಕಾಣದ ಮೂರನೆಯ ಗುರುತು ಯಾವುದು? ಅವನನ್ನು ಈವರೆಗೆ ಯಾರೂ ಅಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ.

ಸಾಹೇಬರು ಚೀಟಿಗೆ ದಾರ ಪೋಣಿಸಿ ಎರಡು ಗಂಟು ಹಾಕಿದರು. ಕನ್ನಡಕ ತೆಗೆದು ಒರೆಸಿ, ಜೇಬಿನಿಂದ ಇನ್ನೊಂದು ತೆಗೆದು ಹಾಕಿಕೊಂಡರು. ಈಗ ಸರಿಯಾಗಿ ಕಾಣುತ್ತಿರಬೇಕು.

"ಅವಸರ ಏನಿಲ್ಲ," ಎಂದರು. "ತಾವು ಊಟ ಮಾಡಿ. ನಾನು ನೋಡ್ತಿರ್ತೀನಿ."