ಒಂದೇ ಉಸಿರಿಗೆ ಎಷ್ಟು

ನನ್ನ ಹೆಂಡ್ತಿ ಚೊಚ್ಚಲ ಬಸುರಿ, ಏಳು ತಿಂಗಳು ತುಂಬಿತ್ತು. ಯುದ್ಧ ನಡೀತಿದ್ದ ಕಾಲ. ನಾವಿದ್ದದ್ದು ಅರಿಶಿನಕುಂಟೇಲಿ. ಒಂದಿನ ಬೆಳಿಗ್ಗೆ ಅವಳು ಕಾಲು ಜೋಮು ಹಿಡಿದಂಗೈತೆ ಅಂದ್ಲು.

"ಬಸುರಿಗೆ ಜೋಮು ಹಿಡೀದೆ ಇರ್ತದಾ? ನಿನ್ನ ಗಂಡನ್ನ ಹೊಟ್ಟೇಲಿಟ್ಕೊಂಡೇ ನಾನು ರಾಗಿ ಹೊಲದ ಕಳೆ ಕಿತ್ತಿದ್ದು" ಅಂತ ನಮ್ಮವ್ವ ನಗ್ತಾ ಇಟ್ಟಿಗೆ ಕಾಯಿಸಿ, ಬಟ್ಟೇಲಿ ಸುತ್ತಿ, ಅವಳ ಅಂಗಾಲಿಗೆ ಶಾಖ ಕೊಟ್ಲು.

"ಬಿಸಿ ತಾಕ್ತಾ?"

"ಇನ್ನೂ ಇಲ್ಲ ಅತ್ತೆ."

ಅವ್ವ ಇನ್ನಷ್ಟು ಕಾಯಿಸಿದ್ಲು. ಬಟ್ಟೆ ತೆಗೆದಾಗ ಅಂಗಾಲು ಬೊಬ್ಬೆ ಎದ್ದಿತ್ತು. ಇವಳಿಗೆ ಗೊತ್ತೇ ಆಗಿರಲಿಲ್ಲ.

ಮಾರನೇ ದಿನ ಅವಳಿಗೆ ನಿಲ್ಲೋಕಾಗಲಿಲ್ಲ. ಗಾಡೀಲಿ ಹುಲ್ಲು ಹಾಸಿ, ಮಲಗಿಸಿ, ನೆಲಮಂಗಲದ ಡಾಕ್ಟರ ಹತ್ರ ಕರ್ಕೊಂಡು ಹೋದ್ವಿ. ಅವರು ಸಣ್ಣ ಸುತ್ತಿಗೇಲಿ ಮೊಣಕಾಲು ತಟ್ಟಿದ್ರು. ಕಾಲು ಅಲ್ಲಾಡಲಿಲ್ಲ. ನನ್ನನ್ನ ಹೊರಕ್ಕೆ ಕರೆದ್ರು.

"ನರದ ಕಾಯಿಲೆ ಕಣಯ್ಯ, ಅಪರೂಪದ್ದು. ಕಾಲಿಂದ ಮೇಲಕ್ಕೆ ಹತ್ತುತ್ತೆ. ಎದೆಗೆ ಹೋದ್ರೆ ಉಸಿರು ನಿಲ್ತದೆ. ಅಷ್ಟರೊಳಗೆ ಹತ್ತೋದು ನಿಂತ್ರೆ ತಾನಾಗೇ ಇಳೀತದೆ. ಔಷಧಿ ಇಲ್ಲ."

"ಮಗು?" ಅಂದೆ.

"ತಾಯಿ ಉಸಿರೇ ಮಗೂದು."

ಅಲ್ಲೇ ಒಂದು ಮಂಚ ಕೊಟ್ರು. ದಿನಾ ಎರಡು ಹೊತ್ತು ಅವಳ ಕೈಲಿ ಒಂದೇ ಉಸಿರಿಗೆ ಎಣಿಕೆ ಮಾಡಿಸು ಅಂದ್ರು. ಎಣಿಕೆ ಇಳಿದ್ರೆ ಉಸಿರು ಸೋಲ್ತಿದೆ ಅಂತ. ನಾನಾಗ ಇನ್ನೂ ಅಕ್ಷರ ಕಲಿತಿರಲಿಲ್ಲ, ಎಣಿಕೆ ಬರ್ತಿತ್ತು. ನಮ್ಮಲ್ಲಿ ರಾಗಿ ಅಳೆಯೋವಾಗ ಮೊದಲನೇ ಸೇರಿಗೆ ಒಂದು ಅನ್ನಲ್ಲ, ಲಾಭ ಅಂತೀವಿ. ಅವಳೂ ಹಂಗೇ ಶುರು ಮಾಡಿದ್ಲು, "ಲಾಭ, ಎರಡು, ಮೂರು..."

"ಏನಮ್ಮಾ, ರಾಗಿ ಅಳೀತಿದ್ದೀಯಾ?" ಅಂದ್ರು ಡಾಕ್ಟರು.

"ಇದೂ ಅಳತೇನೇ ಅಲ್ವಾ ಸ್ವಾಮಿ."

ಆವತ್ತು ಇಪ್ಪತ್ತೆರಡು. ಮಾರನೇ ಸಂಜೆ ಹದಿನೈದು. ಅದರ ಮಾರನೇ ದಿನ ಕೈಯಿಂದ ಲೋಟ ಜಾರ್ತು, ಎಣಿಕೆ ಹನ್ನೊಂದು. ಬಾಗಿಲಲ್ಲಿ ಅವ್ವ ಕೇಳಿದ್ದಕ್ಕೆ ಹದಿನೇಳು ಅಂದ್ಬಿಟ್ಟೆ.

"ಎಣಿಸಿದೋಳು ನಾನು, ಏರಿಸೋರು ನೀವು" ಅಂದ್ಲು ಇವಳು ಮಲಗಿದ್ದಲ್ಲಿಂದಲೇ. ದನಿ ತೀರಾ ಸಣ್ಣಗಾಗಿತ್ತು.

ಆಮೇಲೆ ಒಂಬತ್ತಾಯ್ತು. ಡಾಕ್ಟರು ಕುರ್ಚಿ ತಂದು ಪಕ್ಕದಲ್ಲೇ ಕೂತ್ರು. ಅವರು ಕೂತಿದ್ದು ನೋಡೇ ಕಾಯಿಲೆ ಎದೆ ಹತ್ರ ಬಂತು ಅಂತ ನನಗೆ ಗೊತ್ತಾಯ್ತು. ಸಂಜೆಗೂ ಒಂಬತ್ತು. ಮಾರನೇ ದಿನವೂ ಒಂಬತ್ತು. ಅವಳು ಬಾಯಿ ತೆರೆದಾಗೆಲ್ಲ, ಈ ಸಲ ಎಂಟಕ್ಕೇ ನಿಲ್ತಾಳೆ ಅಂತ ನಾನು ನನ್ನ ಉಸಿರು ಹಿಡಿದಿರ್ತಿದ್ದೆ.

ಮೂರನೇ ಬೆಳಿಗ್ಗೆ ಒಂಬತ್ತು ದಾಟಿ ಹತ್ತು ಅಂದ್ಲು, ಹನ್ನೊಂದು ಅಂದ್ಲು. ಡಾಕ್ಟರು ಎದ್ದು ಕುರ್ಚಿ ತಗೊಂಡು ಹೋದ್ರು.

ದಿನ ತುಂಬಿ ಹೆಣ್ಣುಮಗು ಹುಟ್ತು. ಅದು ಗೋಡೆ ಹಿಡ್ಕೊಂಡು ನಡಿಗೆ ಕಲಿಯೋವಾಗ ಅವರಮ್ಮನೂ ಅದೇ ಗೋಡೆ ಹಿಡ್ಕೊಂಡು ಕಲೀತಿದ್ಲು. ಇಬ್ಬರ ಹಿಂದೇನೂ ಕೈ ಚಾಚ್ಕೊಂಡು ನಡೀತಿದ್ದೆ ನಾನು.