ಅಳಿಯ ನಡೆಸಿದ ಹಾಯಿದೋಣಿ

ನನ್ನ ಗಂಡ ಹಾಯಿದೋಣಿ ನಡೆಸಲು ಕಲಿತದ್ದು ನನ್ನ ಅಮ್ಮನಿಗಾಗಿ. ಇದನ್ನು ಅವನು ಇವತ್ತಿಗೂ ಒಪ್ಪುವುದಿಲ್ಲ. ಮೈಸೂರಿನವನು, ನೀರು ಕಂಡರೆ ಪ್ಯಾಂಟು ಮಡಚಿಕೊಂಡು ದೂರ ನಿಲ್ಲುವವನು. ಶಿಕಾಗೋದ ನಮ್ಮ ಮನೆಗೆ ಬರಲು ಅಮ್ಮನ ಟಿಕೆಟ್ ಬುಕ್ ಆದ ವಾರವೇ ಇಲ್ಲಿ ದೋಣಿ ನಡೆಸುವ ಕ್ಲಾಸಿಗೆ ಸೇರಿದ. ಯಾಕಪ್ಪಾ ಅಂದರೆ, "ಸುಮ್ನೆ ಕಣೇ, ಎಕ್ಸರ್ಸೈಜ್ ಆಗುತ್ತೆ" ಎಂದ.

ಅಮ್ಮನ ಊರು ಕುಂದಾಪುರದ ಕಡಲ ಕರೆ. ಅವಳ ಅಪ್ಪ ತಾಂಡೇಲ. ಹಾಯಿ ಕಟ್ಟಿದ ದೊಡ್ಡ ದೋಣಿಯಲ್ಲಿ ಹೆಂಚು ತುಂಬಿಕೊಂಡು ಮುಂಬಯಿವರೆಗೆ ಹೋಗುತ್ತಿದ್ದ ತಂಡದ ಯಜಮಾನ. ನಾನು ಬೆಳೆದದ್ದು ಬೆಂಗಳೂರಿನಲ್ಲಿ. ನನಗೆ ಎಡ ಬಲ ತಿಳಿದರೆ ಅದೇ ಹೆಚ್ಚು.

ನಾವಿಬ್ಬರೂ ಮನೆಯಲ್ಲಿ ಹೇಳದೆ ರಿಜಿಸ್ಟರ್ ಮದುವೆಯಾದವರು. ಅಮ್ಮ ಜಗಳ ಆಡಲಿಲ್ಲ, ಅತ್ತದ್ದೂ ಇಲ್ಲ. ಅಳಿಯನ ಜೊತೆ ನೇರವಾಗಿ ಮಾತಾಡಲಿಲ್ಲ, ಅಷ್ಟೇ. ಅವನು ಎದುರಿಗೇ ಕೂತಿದ್ದರೂ ನನಗೆ, "ಅವ್ರಿಗೆ ಊಟಕ್ಕೆ ಬಪ್ಪುಕೆ ಹೇಳ್" ಎನ್ನುವಳು. ಅವನೂ ಅದನ್ನೇ ಕಲಿತ: "ಅತ್ತೆಗೆ ಇನ್ನೊಂಚೂರು ಸಾರು ಬೇಕಾ ಕೇಳು." ಇಡೀ ಬೇಸಗೆ ನಾನು ಆ ಮನೆಯ ಅಂಚೆಯವಳಾಗಿದ್ದೆ. ಅಮ್ಮ ಊರಿಗೆ ಹಾರಲು ಒಂದೇ ವಾರ ಉಳಿದಿತ್ತು. ಹೀಗೇ ಹೋಗಿಬಿಟ್ಟರೆ ಇನ್ನು ಈ ಜನ್ಮದಲ್ಲಿ ಇವರಿಬ್ಬರೂ ಮಾತಾಡುವುದಿಲ್ಲ ಎಂದು ನನಗೆ ಹೆದರಿಕೆಯಾಗಿತ್ತು.

ಆನ್ ಆರ್ಬರ್‌ನ ಡಾಕ್ಟರ್ ಗೆಳೆಯರೊಬ್ಬರು, ಧಾರವಾಡದವರು, ನಮ್ಮ ಶಿಕಾಗೋದ ಸರೋವರದ ಆಚೆ ದಂಡೆಯಲ್ಲಿ, ಮಿಶಿಗನ್ ರಾಜ್ಯದ ಕಡೆ, ಒಂದು ಸಣ್ಣ ಮನೆ, ಒಂದು ಹಾಯಿದೋಣಿ ಇಟ್ಟುಕೊಂಡಿದ್ದಾರೆ. "ವೀಕೆಂಡಿಗೆ ಹೋಗಿ ಬರ್ರಿ, ಕೀಲಿ ಒಯ್ರಿ" ಎಂದರು. ಸರೋವರದ ದಕ್ಷಿಣದ ತುದಿ ಸುತ್ತಿ ಡ್ರೈವ್ ಮಾಡಿಕೊಂಡು ಹೋದೆವು. ಸಂಜೆ ಅಮ್ಮ ಆ ಮನೆಯ ಮೆಟ್ಟಿಲ ಮೇಲೆ ಕೂತು, ಸೂರ್ಯ ನೀರಿಗೆ ಇಳಿಯುವುದನ್ನು ನೋಡಿ ಕೈ ಮುಗಿದಳು.

ಮಾರನೆಯ ದಿನ ಮಧ್ಯಾಹ್ನ ದೋಣಿ ಹತ್ತಿದೆವು. ಅಮ್ಮ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ಗಂಭೀರವಾಗಿ ಕೂತಳು. ಫೋನುಗಳನ್ನೆಲ್ಲ ನನ್ನ ಗಂಡ ಕಾರಿನಲ್ಲೇ ಬಿಡಿಸಿದ. "ಅತ್ತೆಯ ತಂದೆ ಜಿಪಿಎಸ್ ನೋಡ್ಕೊಂಡು ಮುಂಬಯಿಗೆ ಹೋಗ್ತಿದ್ರಾ ಕೇಳು!" ಅಮ್ಮನ ತುಟಿ ಒಂದಿಷ್ಟು ಅಲುಗಿತು. ಅವನು ಅದನ್ನು ನೋಡಿ ಉಬ್ಬಿಹೋದ.

ಎದುರುಗಾಳಿಗೆ ಅಡ್ಡಡ್ಡ ಹಾಯುತ್ತಾ ಹೊರಗೆ ಹೋದದ್ದು ಚೆನ್ನಾಗಿಯೇ ಇತ್ತು. ಆಮೇಲೆ ಮಂಜು ಕವಿಯಿತು. ನೋಡನೋಡುತ್ತಿದ್ದಂತೆ ದಂಡೆ, ಮರ, ಮನೆಗಳೆಲ್ಲ ಮಾಯ. ಗಂಡ ಕಂಪಾಸ್ ಕಡೆ ಬೆರಳು ತೋರಿಸಿ, "ಟೆನ್ಶನ್ ಬೇಡ. ಕ್ಲಾಸಲ್ಲಿ ಹೇಳ್ಕೊಟ್ಟಿದಾರೆ. ದಿಕ್ಕು ತಪ್ಪಿದ್ರೆ ವೆಸ್ಟ್‌ಗೆ ಹೋಗೋದು, ಊರು ಸಿಗುತ್ತೆ" ಎಂದ. ದೋಣಿಯ ಮೂತಿಯನ್ನು ಪಶ್ಚಿಮಕ್ಕೆ ತಿರುಗಿಸಿದ. ನಾನೂ ತಲೆಯಾಡಿಸಿದೆ. ಶಿಕಾಗೋದಲ್ಲಿ ಬದುಕುವವರಿಗೆ ಇದನ್ನು ಯಾರೂ ಹೇಳಬೇಕಾಗಿಲ್ಲ. ನೀರು ಪೂರ್ವಕ್ಕೆ, ನೆಲ ಪಶ್ಚಿಮಕ್ಕೆ. ಹೈವೇಯಲ್ಲಿ ಎಕ್ಸಿಟ್ ತಪ್ಪಿದಾಗಲೂ ನಮ್ಮನ್ನು ಕಾಪಾಡುವುದು ಇದೇ ಲೆಕ್ಕ.

ಬಹಳ ಹೊತ್ತು ಹೋದೆವು. ಗಾಳಿ ಈಗಲೂ ಎದುರಿನಿಂದಲೇ ಬೀಸುತ್ತಿತ್ತು. ಬರುವಾಗಲೂ ಎದುರು, ಹೋಗುವಾಗಲೂ ಎದುರು ಹೇಗೆ ಎಂದು ಕೇಳಿದೆ. "ಗಾಳಿ ತಿರುಗಿದೆ ಕಣೇ" ಎಂದ ನಮ್ಮ ಕಪ್ತಾನ. ಅಲೆಗಳು ದೊಡ್ಡವಾಗುತ್ತಿದ್ದವು. ಅವನ ಮುಖ ಬಿಳಿಚಿಕೊಂಡಿತ್ತು, ಆದರೂ ನನ್ನನ್ನು ನೋಡಿ ನಗಲು ಹೆಣಗುತ್ತಿದ್ದ. ಪಾಪ ಅನ್ನಿಸಿತು. ಸಿಟ್ಟೂ ಬಂತು.

ಆಗ ಅಮ್ಮ ನನ್ನ ಕಡೆ ತಿರುಗಿದಳು. "ಅವ್ರ್ ಹತ್ರ ಕೇಳ್, ನಿನ್ನೆ ಹೊತ್ತು ಕಂತಿದ್ ಎಲ್ಲಿ ಅಂತ."

"ಸೂರ್ಯ ಮುಳುಗಿದ್ದು ಎಲ್ಲಿ ಅಂತ ಕೇಳ್ತಿದಾಳೆ" ಎಂದೆ.

"ನೀರಲ್ಲಿ, ಮತ್ತೆಲ್ಲಿ? ಮನೆ ಮುಂದೇನೇ..." ಎಂದವನು ಬಾಯಿ ತೆರೆದುಕೊಂಡೇ ಉಳಿದ. ಈ ದಂಡೆಯಲ್ಲಿ ನೀರಿರುವುದೇ ಪಶ್ಚಿಮಕ್ಕೆ. ನಾವು ಇಷ್ಟು ಹೊತ್ತು ನಡುನೀರಿಗೆ ಹೋಗುತ್ತಿದ್ದೆವು.

ಕಿವಿ ಕೆಂಪಾಯಿತು ಅವನಿಗೆ. ದೋಣಿ ತಿರುಗಿಸಲು ಹೋದ, ಹಗ್ಗ ಕೈಗೆ ಸುತ್ತಿಕೊಂಡಿತು, ಹಾಯಿ ಪಟಪಟ ಬಡಿದುಕೊಂಡಿತು. ದೋಣಿ ವಾಲಿತು.

ಅಮ್ಮ ಸೆರಗು ಬಿಗಿದಳು. ಅಂಬೆಗಾಲಿಟ್ಟುಕೊಂಡು ಹಿಂದಕ್ಕೆ ಬಂದು ಅವನ ಪಕ್ಕ ಕೂತು, ಚುಕ್ಕಾಣಿ ಹಿಡಿದಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. ನನ್ನ ಕಡೆ ನೋಡಲೇ ಇಲ್ಲ.

"ಹೆದ್ರಬೇಡ ಮಗಾ. ಗಾಳಿ ಬೆನ್ನಿಗೆ ತಕೋ. ಸಾಕು."

ಅವನು, "ಸರಿ ಅತ್ತೆ" ಎಂದ. ಮಂಜಿನೊಳಗೆ ನಾವು ಮೆಲ್ಲಗೆ ಹಿಂದಕ್ಕೆ ಬಂದೆವು. ದಂಡೆಯ ಅಲೆಯ ಸದ್ದು ನನಗೆ ಕೇಳಿಸುವ ಮೊದಲೇ ಅಮ್ಮನಿಗೆ ಕೇಳಿಸಿತು. ಇಬ್ಬರೂ ಕೈ ಬಿಡಿಸಿಕೊಂಡಿರಲಿಲ್ಲ. ನಾನು ಮೂಲೆಯಲ್ಲಿ ಕೂತು ಅಳುತ್ತಿದ್ದೆ. ಬದುಕಿ ಬಂದೆವೆಂದು ಅತ್ತೆನೋ, ಅಂಚೆಯ ಕೆಲಸ ಹೋಯಿತೆಂದು ಅತ್ತೆನೋ ಹೇಳಲಾರೆ.

ಆ ರಾತ್ರಿ ಅವನು ಮಲಗಿದ ಮೇಲೆ ಅಮ್ಮನನ್ನು ಕೇಳಿದೆ. "ನಿಂಗೆ ಮೊದಲೇ ಗೊತ್ತಿತ್ತಾ?"

"ತಿರ್ಗ್ಸಿದ ಕೂಡ್ಲೆ ಗೊತ್ತಾಯ್ತ್. ನಮ್ ಕಡಲು ಪಡುದಿಕ್ಕಿಗ್ ಅಲ್ದಾ?"

"ಮತ್ತೆ ಆಗಲೇ ಹೇಳೋದಲ್ವಾ ಅಮ್ಮಾ! ಸತ್ತೇ ಹೋಗ್ತಿದ್ವಿ!"

ಅಮ್ಮ ಒದ್ದೆ ಸೀರೆಯನ್ನು ಕುರ್ಚಿಯ ಬೆನ್ನಿಗೆ ಹರವುತ್ತಿದ್ದಳು. "ನಂಗೆ ಅಂತ ಕಲ್ತದ್ ಅಲ್ದಾ ಅವ? ಇನ್ನ್ ಸ್ವಲ್ಪ ಹೊತ್ತು ಅವ ನಡ್ಸಿದ ದೋಣಿಯಲ್ ಕೂಕಂಬ ಅಂತ ಕಂಡ್ತ್."