ಕೇಳದೆ ಬಡಿಸುವುದು

ಮದುವೆಯಾಗಿ ಘಟ್ಟ ಹತ್ತಿ ಬಂದ ಮೂರನೇ ದಿನವೇ, ನನ್ನ ಗಂಡನ ಅಕ್ಕನನ್ನು ನಾನು ಹಸಿದ ಹೊಟ್ಟೆಯಲ್ಲಿ ವಾಪಸ್ಸು ಕಳಿಸಿದೆ.

ಅತ್ತಿಗೆ ಹೊಣಕೆರೆಯಿಂದ ಬಂದಿದ್ದರು. ನಾಗಮಂಗಲದಲ್ಲೊಮ್ಮೆ, ಕೆ.ಆರ್. ಪೇಟೆಯಲ್ಲೊಮ್ಮೆ ಬಸ್ಸು ಬದಲಿಸಿ ಅಕ್ಕಿಹೆಬ್ಬಾಳು ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಮನೆಯವರೆಲ್ಲ ಗದ್ದೆಗೆ ಹೋಗಿದ್ದರು. ನಾನು ಬಾಗಿಲಲ್ಲಿ ನಿಂತು, "ಊಟ ಮಾಡುತ್ತೀರಾ?" ಎಂದು ಕೇಳಿದೆ. "ಬ್ಯಾಡ ಕಣವ್ವ" ಅಂದರು. ಕಾರ್ಕಳದ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದು ನೆನಪಿತ್ತು: ಒಮ್ಮೆ ಕೇಳಿ, ಬೇಡ ಎಂದವರನ್ನು ಪೀಡಿಸಬಾರದು. ನಾನು ಮುಗುಳ್ನಕ್ಕು ಸುಮ್ಮನಾದೆ. ಅವರು ಸ್ವಲ್ಪ ಹೊತ್ತು ಜಗಲಿಯ ಮೇಲೆ ಕೂತಿದ್ದು ಎದ್ದು ಹೋದರು.

ಸಂಜೆ ನಮ್ಮತ್ತೆ ತಲೆಯ ಮೇಲೆ ಕೈ ಹೊತ್ತರು. ಅವರನ್ನು ಮನೆಮಂದಿಯೆಲ್ಲ ಅವ್ವ ಎನ್ನುತ್ತೇವೆ. "ಬ್ಯಾಡ ಅಂದ್ಳು ಅಂತ ಬುಟ್ಬುಟ್ಟಾ? ಮೂರು ಸತಿ ಬ್ಯಾಡ ಅನ್ನೋದು ನೆಂಟ್ರ ಕೆಲ್ಸ. ಇಕ್ಕೋದು ನಮ್ ಕೆಲ್ಸ."

ಅತ್ತಿಗೆ ಜಗಳವಾಡಲಿಲ್ಲ. ಆಮೇಲೂ ಬರುತ್ತಿದ್ದರು, ನಗುತ್ತಿದ್ದರು, ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಆದರೆ ಜಗಲಿ ದಾಟಿ ಊಟಕ್ಕೆ ಕೂರಲಿಲ್ಲ. ಎಷ್ಟು ಬಲವಂತ ಮಾಡಿದರೂ "ಉಂಡ್ಕಂಡೇ ಬಂದೆ" ಎಂಬ ಒಂದೇ ಮಾತು. ಹದಿನಾಲ್ಕು ವರ್ಷ ಹೀಗೇ ಕಳೆಯಿತು. ತನ್ನ ತವರಿನ ಅನ್ನ ಒಬ್ಬ ಹೆಣ್ಣಿಗೆ ನನ್ನಿಂದ ತಪ್ಪಿತಲ್ಲ ಎಂದು ನೆನೆದಾಗಲೆಲ್ಲ ಹೇಮಾವತಿಯ ಮೇಲಿನ ಬೆಳಗಿನ ಮಂಜು ನನ್ನೊಳಗೇ ಇಳಿದ ಹಾಗಾಗುತ್ತಿತ್ತು.

ಕಾರ್ಕಳದ ನಮ್ಮವರಿಗೆ ಇದನ್ನೆಲ್ಲ ಹೇಗೆ ವಿವರಿಸಲಿ? ಅಲ್ಲಿ ಬೆಳಗಾದರೆ ಕುಚ್ಚಲಕ್ಕಿ ಗಂಜಿಯ ಪರಿಮಳ. ಇಲ್ಲಿ ಎಸರು, ಅಂದರೆ ಹಿಟ್ಟು ಸುರಿಯಲು ಕುದಿಸಿದ ನೀರು, ಅದರ ಸದ್ದಿನಿಂದಲೇ ದಿನ ಶುರು. ಅಲ್ಲಿ ಮಳೆ ಮಾಡಿನ ಮೇಲೆ ಮಾತಾಡುತ್ತದೆ. ಇಲ್ಲಿ ಕಾಲುವೆಯ ನೀರು ಕಬ್ಬಿನ ಮರೆಯಲ್ಲಿ ಪಿಸುಗುಡುತ್ತದೆ. ನಾನು ಬಾಯಿ ತೆರೆದರೆ ಪಕ್ಕದ ಮನೆಯವರು, "ಪುಸ್ತಕ ಓದ್ದಂಗೆ ಮಾತಾಡ್ತಾಳೆ" ಎಂದು ನಗುತ್ತಿದ್ದರು. ಮುದ್ದೆಯನ್ನು ಅಗಿಯದೆ ನುಂಗಲು ಒಂದು ವರ್ಷ ಹಿಡಿಯಿತು. ತಿರುವಲು ಇನ್ನೂ ಸರಿಯಾಗಿ ಬಾರದು.

ನನ್ನ ಹನ್ನೊಂದು ವರ್ಷದ ಮಗಳು ಮಾತ್ರ ಅವ್ವನ ಪಕ್ಕ ಕುಕ್ಕರುಗಾಲಲ್ಲಿ ಕೂತು ಎಲ್ಲ ಕಲಿತಳು. ಕಿಟಕಿಯ ಬಿಸಿಲ ಕೋಲಿನಲ್ಲಿ ರಾಗಿ ಹಿಟ್ಟಿನ ಧೂಳು ತೇಲುತ್ತದೆ. ಅದರ ನಡುವೆ ಒಂದು ಮುದುಕಿಯ ಕೈ, ಒಂದು ಮಗುವಿನ ಕೈ ಒಂದೇ ಕೋಲು ಹಿಡಿದಿರುತ್ತವೆ. ಬಾಗಿಲಲ್ಲಿ ನಿಂತು ನೋಡುವಾಗ ಯಾರದೋ ಕನಸಿನೊಳಗೆ ಇಣುಕಿದಂತೆ ನನಗನ್ನಿಸುತ್ತದೆ. ಅಡುಗೆ ಕಲಿಸುವುದು ಅವ್ವನ ಪಾಲಾಯಿತು. ನಾನು ಅವಳಿಗೆ ಕಲಿಸಿದ್ದು ಒಂದೇ ಪಾಠ: ಬಂದವರನ್ನು ಕೇಳಬೇಡ, ಬಡಿಸು.

ಹೋದ ತಿಂಗಳು ಅವ್ವ ಬಿದ್ದು ಮಣಿಕಟ್ಟು ಉಳುಕಿಸಿಕೊಂಡರು. ನೋಡಲು ಅತ್ತಿಗೆ ಬಂದರು. ಅವ್ವನ ಮಂಚ ಒಳಗಿದ್ದುದರಿಂದ ಅವರೂ ಒಳಗೆ ಬರಲೇಬೇಕಾಯಿತು. ಅಡುಗೆಮನೆಯಲ್ಲಿ ಮಗಳೇ ಹಿಟ್ಟು ತಿರುವುತ್ತಿದ್ದಳು.

"ನಂಗೇನೂ ಬ್ಯಾಡ ಕಣಮ್ಮಿ, ಉಂಡ್ಕಂಡೇ ಬಂದಿವ್ನಿ" ಎಂದು ಅತ್ತಿಗೆ ಕೂಗಿ ಹೇಳಿದರು.

ಬಲವಂತ ಬೇಡ ಮಗೂ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಚೊಂಬಿನಲ್ಲಿ ಕೈತೊಳೆಯುವ ನೀರು ತಂದಿಟ್ಟು, ತಟ್ಟೆಯಲ್ಲಿ ಹೊಗೆಯಾಡುವ ಮುದ್ದೆ ಇಟ್ಟು, ಸೊಪ್ಪು ಕಾಳು ಬೇಯಿಸಿ ಬಸಿದ ಉಪ್ಪೆಸರು ಸುರಿದು, ಅಂಚಿಗೆ ಖಾರ ಹಚ್ಚಿಯೂ ಆಗಿತ್ತು.

"ಉಂಡಿದ್ರೂ ಉಣ್ಣಿ ಅತ್ತೆ. ಇದು ನಾನ್ ತಿರುವಿದ್ದು."

"ನೀನಾ? ಈ ಕಡ್ಡಿ ಕೈಯಲ್ಲಾ?"

ಅತ್ತಿಗೆ ತಟ್ಟೆ ನೋಡಿದರು. ನನ್ನನ್ನು ನೋಡಿದರು. ಅವರು ಕೈ ತೊಳೆದು ಒಂದು ತುತ್ತು ಮುರಿದರು. ಒಳಗೆ ಬೇಯದ ಹಿಟ್ಟು ಬೆಳ್ಳಗೆ ಕಂಡಿತು.

"ಗಂಟವೆ."

ಮಂಚದಿಂದ ಅವ್ವ ಗದರಿದರು. "ನೀನ್ ಮೊದ್ಲು ತಿರುವಿದ್ನ ನಾಯೂ ಮೂಸ್ಲಿಲ್ಲ. ಸುಮ್ಕೆ ಉಣ್ಣು."

ಅತ್ತಿಗೆ ಕೆಮ್ಮುವಷ್ಟು ನಕ್ಕರು. ಗಂಟನ್ನು ಬೆರಳಲ್ಲೇ ಕಿವುಚಿ ನುಂಗಿದರು. ಎರಡನೇ ಮುದ್ದೆಯನ್ನೂ ಬೇಡ ಎನ್ನುತ್ತಲೇ ಉಂಡರು.

ಕೈ ತೊಳೆದ ಮೇಲೆ ನನ್ನನ್ನು ಕರೆದರು. "ಕೇಳ್ದಂಗೆ ಇಕ್ಕದ ಯಾರ್ ಕಲ್ಸುದ್ರು ಇವ್ಳಿಗೆ?"

"ನಾನೇ ಅತ್ತಿಗೆ."

"ಬುಡು, ನೀನೂ ಕಲ್ತೆ ಅಂಗಾರೆ." ಬಹಳ ಹೊತ್ತು ಸೆರಗಿನಿಂದ ಕೈ ಒರೆಸಿಕೊಂಡರು. "ಅದ್ಸರಿ, ನಿಮ್ಮೂರಲ್ಲಿ ಬಂದೋರ್ಗೆ ಏನ್ ಕೊಡ್ತೀರವ್ವ? ನಾ ಒಂದಿನಾನೂ ಕೇಳ್ಲೇ ಇಲ್ವಲ್ಲ."

ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಯಾರಿಗೂ ಹೇಳಿರಲಿಲ್ಲ. "ಬೆಲ್ಲ ಮತ್ತು ನೀರು" ಅಂದೆ. ಒಳಗೆ ಹೋಗಿ ಪಾಂಡವಪುರದ ಆಲೆಮನೆಯಿಂದ ತಂದ ಬೆಲ್ಲದ ಅಚ್ಚು ಒಡೆದು, ಒಂದು ತುಂಡನ್ನು ಪುಟ್ಟ ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ತಣ್ಣೀರಿನ ಲೋಟವಿಟ್ಟು ತಂದೆ. ನನ್ನಮ್ಮ ಕಾರ್ಕಳದ ಚಾವಡಿಗೆ ತರುತ್ತಿದ್ದ ಹಾಗೆಯೇ, ಎರಡೂ ಕೈಯಲ್ಲಿ.

ಮಗಳು ಬೆರಗಾಗಿ ನೋಡಿದಳು. "ಅಮ್ಮ, ಇದನ್ನ ನಂಗ್ಯಾಕೆ ಹೇಳ್ಕೊಟ್ಟೇ ಇಲ್ಲ? ಇದು ಕೇಳಿ ಕೊಡೋದಾ, ಕೇಳ್ದೆ ಕೊಡೋದಾ?"

ನನ್ನಮ್ಮ ಎಂದೂ ಕೇಳಿದ್ದಿಲ್ಲ. ಬಂದವರು ಮೆಟ್ಟಿಲಿಗೆ ಕಾಲಿಡುವಾಗಲೇ ತಟ್ಟೆ ಹಿಡಿದು ನಿಂತಿರುತ್ತಿದ್ದಳು. ಅದನ್ನು ಕಂಡೇ ಬೆಳೆದ ನಾನು ಕೇಳುವುದನ್ನು ಎಲ್ಲೋ ಶಾಲೆಯ ದಾರಿಯಲ್ಲಿ ಕಲಿತು, ಇದನ್ನು ಮರೆತಿದ್ದೆ.

"ಕೇಳದೇನ್ ಬಂತು, ಕೊಡದು ಅಷ್ಟೇ ಕಣಮ್ಮಿ" ಅಂದೆ.

ಕಾರ್ಕಳದ ಪದ್ಧತಿಯನ್ನು ಮಗಳಿಗೆ ಹೇಳಿಕೊಟ್ಟಿದ್ದೆ, ಅಕ್ಕಿಹೆಬ್ಬಾಳಿನ ಬಾಯಲ್ಲಿ. ಅತ್ತಿಗೆ ಬೆಲ್ಲ ಕಚ್ಚಿ ನೀರು ಕುಡಿಯುತ್ತಿದ್ದರು. ನನಗೆ ಅಮ್ಮನನ್ನು ಕೂಗಿ ಕರೆಯಬೇಕೆನ್ನಿಸಿತು. ಕಾರ್ಕಳದ ಮಾತಿನಲ್ಲೋ ಇಲ್ಲಿಯ ಮಾತಿನಲ್ಲೋ ಎಂದು ಮಾತ್ರ ತಕ್ಷಣಕ್ಕೆ ಹೊಳೆಯಲಿಲ್ಲ.